"ಮಾಮಾ, ಉಪ್ಪು ಜಾಸ್ತಿ ಆಗಿತ್ತೇನು?"



ಮಕ್ಕಳ ಸಂತೆಯ ಫೋಟೋಗಳು ವಾಟ್ಸಾಪಲ್ಲಿ ಬರ್ತಾನೇ ಇವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲಾ ಕಡೆಯ ಗೆಳೆಯರು ಕಳಿಸ್ತಾರೆ. ಪುಟ್ಟ ಮಕ್ಕಳು ಗೋಣಿಚೀಲ ಹಾಸ್ಕೊಂಡು ಸೊಪ್ಪು, ಬದನೆಕಾಯಿ, ಮಂಡಕ್ಕಿ ಮಾರೋದು ನೋಡಿದ್ರೆ ಯಾರಿಗಾದ್ರೂ ಖುಷಿನೇ. ತೂಕ, ಚಿಲ್ಲರೆ, ಲಾಭ-ನಷ್ಟ ಪುಸ್ತಕದಲ್ಲಿ ಓದೋದಕ್ಕಿಂತ ಹೀಗೆ ಕಲಿತರೆ ಬೇಗ ತಲೆಗೆ ಹತ್ತುತ್ತೆ. ಸಂತೆ ಬೇಡ ಅಂತ ನಾನು ಹೇಳ್ತಿಲ್ಲ. ಅಲ್ಲಿ ಮಕ್ಕಳು ಇನ್ನೂ ಏನೇನು ಕಲೀತಾರೆ ಅನ್ನೋದನ್ನ ಹೇಳಬೇಕಾಗಿದೆ.

ನಮ್ಮ ಕೇರಿಯ ಒಂದು ಹುಡುಗಿ, ನಾಲ್ಕನೇ ಕ್ಲಾಸು. ಹೋದ ವರ್ಷ ಶಾಲೆ ಸಂತೆಗೆ ಮೆಂತ್ಯ ಸೊಪ್ಪು ಒಯ್ದಿದ್ಲು, ಗಂಟೆಯೊಳಗೆ ಖಾಲಿ. ಈ ವರ್ಷ ಅವರವ್ವ ಒಗ್ಗರಣೆ ಮಂಡಕ್ಕಿ ಮಾಡಿಕೊಟ್ಟಿದ್ಲು. ಬಂಡವಾಳ 120 ರೂಪಾಯಿ, ಪೊಟ್ಟಣಕ್ಕೆ 10. ಪಕ್ಕದಲ್ಲಿ ಊರಿನ ಹುಡುಗ ಅದೇ ಮಂಡಕ್ಕಿ ಇಟ್ಟಿದ್ದ, ಅವನದು ಖಾಲಿಯಾಗಿ ಮನೆಯಿಂದ ಮತ್ತೆ ತರಿಸಿದ್ರು. ಇವಳ ಹತ್ರ ಕೇರಿ ಮಕ್ಕಳು ನಾಲ್ಕು ಪೊಟ್ಟಣ ತಗೊಂಡ್ರು. ಕೊನೆಗೆ ಮೇಷ್ಟ್ರು ಮೂರು ತಗೊಂಡ್ರು. ಒಳ್ಳೆ ಮನುಷ್ಯರೇ. ಆದ್ರೆ ಪೊಟ್ಟಣ ಚೀಲಕ್ಕೆ ಹಾಕ್ಕೊಂಡ್ರು, ಎಲ್ಲರ ಮುಂದೆ ಬಿಚ್ಚಿ ತಿನ್ನಲಿಲ್ಲ.

ಸಂಜೆ ನೋಟ್‌ಬುಕ್ಕಲ್ಲಿ "ನಷ್ಟ 50" ಅಂತ ನೀಟಾಗಿ ಬರ್ಕೊಂಡು ಬಂದು ಕೇಳಿದ್ಲು: "ಮಾಮಾ, ಉಪ್ಪು ಜಾಸ್ತಿ ಆಗಿತ್ತೇನು?"

ಉಳಿದಿದ್ದನ್ನ ತಿಂದು ನೋಡ್ದೆ. ಉಪ್ಪು ಸರಿಯಾಗೇ ಇತ್ತು.

ನಮ್ಮ ಕೈಯ ಸೊಪ್ಪು ನಡೀತದೆ, ನಮ್ಮ ಕೈಯ ಅಡುಗೆ ನಡಿಯಲ್ಲ. ಹಡಗಲಿ ಮಲ್ಲಿಗೆ ಯಾರ ಕೈ ಬಿಡಿಸಿದ್ದು ಅಂತ ಯಾವ ಗುಡಿಯಲ್ಲೂ ಕೇಳಲ್ಲ. ನಾವು ಹೊಲಿದ ಚಪ್ಪಲಿಗೆ ಮೈಲಿಗೆ ಇಲ್ಲ. ಒಂಬತ್ತು ವರ್ಷದ ಕೂಸು ಹುರಿದ ಮಂಡಕ್ಕಿಯನ್ನೇ ಮುಟ್ಟಬಾರದಾ?

ಇದು ಹೊಸದಲ್ಲ. ಬಾಬಾಸಾಹೇಬರು ಲಂಡನ್ನಿಂದ ವಾಪಸ್ ಬಂದ ಮೇಲೆ ಮುಂಬೈಯಲ್ಲಿ ಷೇರು ವ್ಯವಹಾರದ ಸಲಹೆ ಕೊಡೋ ಕಚೇರಿ ತೆರೆದಿದ್ರು. ಗಿರಾಕಿಗಳಿಗೆ ಜಾತಿ ಗೊತ್ತಾಯ್ತು, ಬರೋದು ನಿಲ್ತು, ಕಚೇರಿ ಮುಚ್ಚಿತು. ಅವರ ಸಲಹೆಯಲ್ಲೂ ಉಪ್ಪು ಜಾಸ್ತಿ ಆಗಿತ್ತಾ? ಅದೇ ಮನುಷ್ಯ 1923ರಲ್ಲಿ ರೂಪಾಯಿಯ ಸಮಸ್ಯೆ ಮೇಲೆ ಪುಸ್ತಕ ಬರೆದು ಲಂಡನ್ನಿನಲ್ಲಿ ಡಾಕ್ಟರೇಟ್ ತಗೊಂಡ್ರು.

"ನಮ್ಮೂರಿನ ವ್ಯಾಪಾರಿಗಳನ್ನ ಬೆಳೆಸಿ" ಅಂತ ಭಾಷಣ ಮಾಡೋರಿಗೆ ನನ್ನದೊಂದೇ ಪ್ರಶ್ನೆ. ನಮ್ಮೂರು ಅಂದ್ರೆ ಯಾವುದು ಸ್ವಾಮಿ? ಊರು ಮಾತ್ರವೋ, ಕೇರಿಯೂ ಸೇರಿದೆಯೋ?

ಸಂವಿಧಾನದ 15ನೇ ವಿಧಿ ನಮಗೆ ಅಂಗಡಿ, ಹೋಟೆಲಿನೊಳಗೆ ಹೋಗೋ ಹಕ್ಕು ಕೊಟ್ಟಿದೆ. ಆರ್ಥಿಕ ಬಹಿಷ್ಕಾರ ಹಾಕಿದ್ರೆ ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿ ಪ್ರಕಾರ ಅಪರಾಧ. ಆದ್ರೆ ಒಂದೊಂದೇ ಮಗು ಸುಮ್ಮನೆ ಪಕ್ಕದ ಅಂಗಡಿಗೆ ಹೋದ್ರೆ ಯಾರ ಮೇಲೆ ಕೇಸು ಹಾಕ್ತೀರಿ? ಅದಕ್ಕೆ ಪೊಲೀಸು ಬೇಕಿಲ್ಲ, ಮೇಷ್ಟ್ರು ಬೇಕು.

ಶಾಲೆಗಳಿಗೆ ಹೇಳ್ತೀನಿ. ಅಡುಗೆ ಅಂಗಡಿಗಳನ್ನ ಮನೆವಾರು ಹಾಕಿಸಬೇಡಿ. ಊರು, ಕೇರಿ, ತಾಂಡಾ ಮಕ್ಕಳನ್ನ ಐದೈದು ಜನ ಸೇರಿಸಿ ಗುಂಪು ಮಾಡಿ. ಶಾಲೆಯಲ್ಲೇ ಕೂಡಿ ಒಗ್ಗರಣೆ ಹಾಕಲಿ, ಕೂಡಿ ಮಾರಲಿ, ಲಾಭ ಸಮ ಹಂಚ್ಕೊಳ್ಳಲಿ. ಮೇಷ್ಟ್ರು, ಎಸ್‌ಡಿಎಂಸಿ ಅಧ್ಯಕ್ಷರು ಮೊದಲ ಗಿರಾಕಿಗಳಾಗಲಿ. ಅಲ್ಲೇ ನಿಂತು ತಿನ್ನಲಿ.

ಈಗ ನಮ್ಮ ಮಂದಿಗೂ ಎರಡು ಮಾತು, ಬೇಜಾರಾಗಬೇಡಿ. ಕೇರಿಯಲ್ಲಿ ನಮ್ಮವಳೊಬ್ಬಳು ಸಣ್ಣ ಅಂಗಡಿ ಇಟ್ರೆ ನಾವೇನು ಮಾಡ್ತೀವಿ? ಅವಳ ಹತ್ರ ಉದ್ರಿ, ಪ್ಯಾಟಿಯಲ್ಲಿ ನಗದು. ಆರು ತಿಂಗಳಿಗೆ ಅವಳ ಅಂಗಡಿ ಬಾಗಿಲು ಹಾಕುತ್ತೆ, "ನಮ್ಮವರಿಗೆ ವ್ಯಾಪಾರ ಬರಲ್ಲ ಬಿಡು" ಅಂತ ನಾವೇ ಮಾತಾಡ್ತೀವಿ. ಗುಳೆ ಹೋಗಿ ಕಬ್ಬು ಕಡಿದು ತಂದ ದುಡ್ಡು ಕೇರಿಯಲ್ಲಿ ಒಂದು ರಾತ್ರಿನೂ ನಿಲ್ಲಲ್ಲ. ಉಪ್ಪು, ಬೆಂಕಿಪೊಟ್ಟಣ, ಸೋಪು ಅವಳ ಹತ್ರಾನೇ ತಗೊಳ್ಳಿ, ನಗದು ಕೊಡಿ. ಹೋಗುವಾಗ ಮಕ್ಕಳನ್ನ ಕರ್ಕೊಂಡು ಹೋಗಿ. ಅವರ ಕೈಯಲ್ಲೇ ದುಡ್ಡು ಕೊಡಿಸಿ, ಚಿಲ್ಲರೆ ಅವರೇ ಎಣಿಸಲಿ.

ಬಡ್ಡಿ ಲೆಕ್ಕವನ್ನೂ ಕಲಿಸಿ. "ನೂರಕ್ಕೆ ಐದು" ಅಂದ್ರೆ ಕಮ್ಮಿ ಅನ್ನಿಸುತ್ತೆ. ಅದು ತಿಂಗಳಿಗೆ. ವರ್ಷಕ್ಕೆ ನೂರಕ್ಕೆ ಅರವತ್ತು. 10,000 ಸಾಲಕ್ಕೆ ವರ್ಷಕ್ಕೆ 6,000 ಬಡ್ಡಿ ಕಟ್ಟಿದ್ರೂ ಅಸಲು ಹಂಗೇ ಕೂತಿರುತ್ತೆ. ಜೀತ ರದ್ದಾಗಿದ್ದು 1976ರ ಕಾಯ್ದೆಯಲ್ಲಿ. ಅಲ್ಲಿ ತನಕ ಹೆಬ್ಬೆಟ್ಟು ಒತ್ತಿದ ನಮ್ಮ ಹಿರಿಯರಿಗೆ ಈ ಒಂದು ಲೆಕ್ಕ ಯಾರೂ ಹೇಳಿಕೊಡಲಿಲ್ಲ, ಬೇಕಂತಲೇ. ಐದನೇ ಕ್ಲಾಸಿನ ಮಗುವಿಗೆ ಈ ಲೆಕ್ಕ ಬಂದ್ರೆ ಅಪ್ಪನ ಹೆಬ್ಬೆಟ್ಟು ಹಿಡಿದು ನಿಲ್ಲಿಸುತ್ತೆ.

ಆ ಹುಡುಗಿಗೆ ನಾನು ಸುಳ್ಳು ಹೇಳಲಿಲ್ಲ. "ಉಪ್ಪು ಸರಿ ಇತ್ತು ಕಂದಾ, ತಗೊಳ್ಳದೇ ಇದ್ದೋರು ಕಲಿಯೋದು ಬಾಕಿ ಐತಿ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ವರ್ಷನೂ ಮಂಡಕ್ಕಿನೇ ಒಯ್ತೀನಿ" ಅಂದ್ಲು.

ಗೆಳೆಯರೇ, ನಿಮ್ಮೂರಿನ ಮಕ್ಕಳ ಸಂತೆಗೆ ಹೋಗಿ. ಫೋಟೋ ಆಮೇಲೆ ತೆಗೀರಿ. ಮೊದಲು ನೋಡಿ, ಯಾವ ಮಗುವಿನ ಬುಟ್ಟಿ ತುಂಬಿದಂಗೇ ಇದೆ ಅಂತ. ಅಲ್ಲಿ ಕೂತ್ಕೊಂಡು, ಎಲ್ಲರಿಗೂ ಕಾಣೋ ಹಂಗೆ, ತಿನ್ನಿ.

ಜೈಭೀಮ್.