ಕಸೂತಿಯ ಬೆನ್ನು ನೋಡಿ

ನಮ್ಮ ವಾಕಡದ ಕಡೆ ಪ್ರದರ್ಶನಗಳಲ್ಲಿ 'ಧಾರವಾಡ ಕಸೂತಿ' ಅಂತ ದಿಂಬಿನ ಕವರು, ಟೇಬಲ್ ಕ್ಲಾತ್ ಮಾರುತ್ತಾರೆ. ಕೊಳ್ಳುವ ಮೊದಲು ತಿರುವಿ ನೋಡಿ. ಚೆಕ್ಕಿನ ಬೆನ್ನು ನೋಡದೆ ಹಣ ಕೊಡದ ಬ್ಯಾಂಕಿನವನ ಮಾತು ಇದು!

ಗವಂತಿ ಹೊಲಿಗೆಯಲ್ಲಿ ಗಂಟಿಲ್ಲ. ಎಳೆ ಎಣಿಸುತ್ತ ಹೋದ ಸೂಜಿ ಅದೇ ದಾರಿಯಲ್ಲಿ ಮರಳಿ ಬಂದು ಬಿಟ್ಟ ಜಾಗ ತುಂಬುತ್ತದೆ. ಹಾಗಾಗಿ ಎರಡೂ ಬದಿ ಒಂದೇ. ಮೆಟ್ಟಿಲಿನಂಥ ಮುರಗಿಯೂ ಅಷ್ಟೇ. (ನೇಯ್ಗೆ, ಮೆಂತೆಗೆ ಈ ಪರೀಕ್ಷೆ ನಡೆಯದು.) ಆಟೋಮನ್ ತುರ್ಕರ ಮನೆಗಳ ಕೈವಸ್ತ್ರದ ಅಂಚಿನಲ್ಲೂ ಎರಡೂ ಕಡೆ ಒಂದೇ ಥರದ ಹೂಗಳಿರುತ್ತಿದ್ದವು. ನಮ್ಮಲ್ಲಿ ಗೋಪುರ, ತೇರು, ಆನೆ, ತುಳಸಿಕಟ್ಟೆ.

ಯಂತ್ರದ್ದು ಅಗ್ಗ, ಮಾರಲಿ ಬಿಡಿ. ಆದರೆ ಅದಕ್ಕೆ ಕಸೂತಿಯ ಹೆಸರೇಕೆ? ಕೈಯಲ್ಲಿ ಹಾಕಿದ್ದಾದರೆ ಮಾತ್ರ ಚೌಕಾಸಿ ಬೇಡ, ಒಂದು ತೇರಿಗೇ ದಿನಗಟ್ಟಲೆ ಕಣ್ಣು ಸೋಲುತ್ತದೆ.