ಹಳೆ ಕಾರಿಗೆ ಬೇರೆ ಎಂಜಿನು: ಕಾನೂನು ಎಡವಿದ್ದೆಲ್ಲಿ?

ಇಪ್ಪತ್ತು ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣ ಶುಲ್ಕವನ್ನು ಕೇಂದ್ರ ಸರಕಾರ 2025ರ ಆಗಸ್ಟ್ ತಿಂಗಳಲ್ಲಿ 10,000 ರೂಪಾಯಿಗೆ ಏರಿಸಿತು. 2022ರ ಎಪ್ರಿಲ್‌ಗೆ ಮೊದಲು ಇದೇ ಕೆಲಸಕ್ಕೆ 600 ರೂಪಾಯಿ ಸಾಕಾಗುತ್ತಿತ್ತು. ಆ ತಿಂಗಳಿಂದ ಹದಿನೈದು ವರ್ಷ ಮೀರಿದ ಕಾರುಗಳಿಗೆ ಅದು 5,000 ಆಯಿತು, ಮೂರು ವರ್ಷ ಕಳೆಯುವಷ್ಟರಲ್ಲಿ ಮತ್ತೆ ಇಮ್ಮಡಿಯಾಯಿತು. ಹಳೆಯ ಗಾಡಿಗಳನ್ನು ಗುಜರಿಗೆ ಹಾಕಿ ಎಂದು ಸರಕಾರ ಬಾಯಿಬಿಟ್ಟು ಹೇಳದಿದ್ದರೂ ಶುಲ್ಕದ ಪಟ್ಟಿ ಆ ಮಾತನ್ನೇ ಹೇಳುತ್ತಿದೆ.

ನಮ್ಮ ಜಿಲ್ಲೆಯಲ್ಲಿ ಅಡಿಕೆ ತೋಟದ ಬದಿಯ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದುಕೊಂಡು ನಿಂತಿರುವ ಅಂಬಾಸಿಡರು, ಮಳೆಗಾಲದಲ್ಲೂ ಗುಡ್ಡದ ಮಣ್ಣು ರಸ್ತೆ ಹತ್ತುವ ಹಳೆಯ ಜೀಪು, ಅಪ್ಪನ ಕಾಲದ ಫಿಯೇಟು ಇವು ಇನ್ನೂ ಅಪರೂಪವಲ್ಲ. ಮನೆಯ ಮದುಮಗಳು ಅದರಲ್ಲಿ ಬಂದಿದ್ದಾಳೆ, ನಡುರಾತ್ರಿ ಹೆರಿಗೆ ನೋವಿಗೆ ಮಂಗಳೂರಿನ ಆಸ್ಪತ್ರೆಗೆ ಅದೇ ಹೋಗಿದೆ. ಇಂಥ ಗಾಡಿಯ ಮೇಲೆ ಮೋಹ ಇಟ್ಟುಕೊಂಡವರು ಶುಲ್ಕ ಏರಿತೆಂದು ಮಾರಿಬಿಡುವವರಲ್ಲ. ಗೊಣಗುತ್ತಾದರೂ ಕಟ್ಟುತ್ತಾರೆ. ಅವರನ್ನು ನಿಜವಾಗಿ ಕಟ್ಟಿಹಾಕಿರುವುದು ಶುಲ್ಕವಲ್ಲ, ಎಂಜಿನು. ಮೂಲ ಎಂಜಿನು ಕೈಕೊಟ್ಟಾಗ ಬೇರೊಂದನ್ನು ಕೂರಿಸಬಹುದೇ ಎಂಬ ಸರಳ ಪ್ರಶ್ನೆಗೆ ಇಂದಿನ ಕಾನೂನು ಕೊಡುವ ಉತ್ತರ ಪ್ರಾಮಾಣಿಕನನ್ನೂ ಅಪರಾಧಿಯ ಸಾಲಿನಲ್ಲಿ ನಿಲ್ಲಿಸುವಂತಿದೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಅಗತ್ಯ.

ಕಂಪೆನಿಯೇ ಹಾಕಿಕೊಟ್ಟ ದಾರಿ

ಎಂಜಿನು ಬದಲಾವಣೆ ಹವ್ಯಾಸಿಗಳ ಹುಚ್ಚಾಟ ಎಂದು ತಿಳಿಯುವವರು ಅಂಬಾಸಿಡರಿನ ಚರಿತ್ರೆಯನ್ನೇ ನೋಡಬಹುದು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರನ್ನು ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಇದನ್ನು ತಯಾರಿಸತೊಡಗಿದ್ದು 1957-58ರ ಸುಮಾರಿಗೆ. ಮೊದಲಿಗಿದ್ದ ಸೈಡ್ ವಾಲ್ವ್ ಎಂಜಿನನ್ನು ಒಂದೆರಡು ವರ್ಷಗಳಲ್ಲೇ ಬಿಟ್ಟು 1,489 ಸಿ.ಸಿ.ಯ ಓವರ್‌ಹೆಡ್ ವಾಲ್ವ್ ಎಂಜಿನನ್ನು ಹಾಕಲಾಯಿತು. 1980ರ ಸುಮಾರಿಗೆ ಅದೇ ಒಡಲಿಗೆ ಡೀಸೆಲ್ ಎಂಜಿನು ಬಂತು. ಅದರ ಬಲ ಸುಮಾರು 37 ಅಶ್ವಶಕ್ತಿ ಮಾತ್ರವಾದರೂ ಬಾಡಿಗೆ ಕಾರಿನವರಿಗೆ ಅದು ವರವಾಯಿತು. 1992ರಲ್ಲಿ ಜಪಾನಿನ ಇಸುಜು ಕಂಪೆನಿಯ ವಿನ್ಯಾಸದ 1,817 ಸಿ.ಸಿ. ಪೆಟ್ರೋಲ್ ಎಂಜಿನು ಬಂತು. ಇದರ ಬಲ ಸುಮಾರು 75 ಅಶ್ವಶಕ್ತಿ. 2014ರ ಮೇ ತಿಂಗಳಲ್ಲಿ ಕಾರ್ಖಾನೆ ನಿಲ್ಲುವ ತನಕ ಒಡಲು ಬಹುಮಟ್ಟಿಗೆ ಹಾಗೆಯೇ ಇದ್ದು, ಒಳಗಿನ ಎಂಜಿನು ಮಾತ್ರ ಮತ್ತೆ ಮತ್ತೆ ಬದಲಾಯಿತು.

ಜೀಪಿನ ಕಥೆಯೂ ಇದೇ. ಅಮೆರಿಕದ ವಿಲ್ಲೀಸ್ ಜೀಪಿನ ಪೆಟ್ರೋಲ್ ಎಂಜಿನಿನೊಂದಿಗೆ ಆರಂಭಿಸಿದ ಮಹೀಂದ್ರ ಸಂಸ್ಥೆ ಮುಂದೆ ಫ್ರಾನ್ಸಿನ ಪೂಜೊ ಕಂಪೆನಿಯ ಡೀಸೆಲ್ ಎಂಜಿನನ್ನು ಇಲ್ಲಿಯೇ ತಯಾರಿಸಿ ಅಳವಡಿಸಿತು. ಪ್ರೀಮಿಯರ್ ಪದ್ಮಿನಿಗೂ ಕೊನೆಗಾಲದಲ್ಲಿ ಇಟಲಿಯ ವಿನ್ಯಾಸದ ಡೀಸೆಲ್ ಎಂಜಿನು ಬಂತು.

ಕಂಪೆನಿಗಳು ಮಾಡಿದ್ದನ್ನೇ ಊರಿನ ಮೆಕ್ಯಾನಿಕರೂ ಮಾಡಿದರು. ಡೀಸೆಲ್ ಬೆಲೆ ಪೆಟ್ರೋಲಿಗಿಂತ ಎಷ್ಟೋ ಕಡಿಮೆಯಿದ್ದ ಆ ಕಾಲದಲ್ಲಿ ಮ್ಯಾಟಡೋರ್ ವ್ಯಾನಿನ ಡೀಸೆಲ್ ಎಂಜಿನನ್ನು ಅಂಬಾಸಿಡರಿಗೆ ಕೂರಿಸುವುದು ಕೇರಳದಲ್ಲಿ ಸಾಮಾನ್ಯ ಸಂಗತಿಯಾಗಿತ್ತು. ಈ ಎಂಜಿನಿನ ಮೂಲ ಜರ್ಮನಿಯ ಬೆಂಜ್ ಕಂಪೆನಿಯದು. ಆದ್ದರಿಂದ 'ಬೆಂಜ್ ಎಂಜಿನಿನ ಅಂಬಾಸಿಡರು' ಎಂದರೆ ಅದಕ್ಕೊಂದು ಗತ್ತಿತ್ತು. ಪೇಟೆಯ ಲೇತ್ ಮೆಷಿನಿನಲ್ಲಿ ಮೌಂಟಿಂಗ್ ತಯಾರಿಸಿ, ಗೇರ್‌ಬಾಕ್ಸ್ ಹೊಂದಿಸಿ, ಪ್ರೊಪೆಲ್ಲರ್ ಶಾಫ್ಟನ್ನು ಅಳತೆಗೆ ಕತ್ತರಿಸಿ, ದೊಡ್ಡ ರೇಡಿಯೇಟರ್ ಇಟ್ಟು ಗಾಡಿಯನ್ನು ಮತ್ತೆ ರಸ್ತೆಗಿಳಿಸುತ್ತಿದ್ದ ಮೆಕ್ಯಾನಿಕರಲ್ಲಿ ಹೆಚ್ಚಿನವರು ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ. ಆದರೆ ಕೈಯಲ್ಲಿ ವಿದ್ಯೆ ಇತ್ತು.

ಅಂದು ಅಡ್ಡಿಯಿರಲಿಲ್ಲ

ಇದೆಲ್ಲ ಕಳ್ಳತನದಲ್ಲಿ ನಡೆಯುತ್ತಿದ್ದ ಕೆಲಸವೂ ಅಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಮೊದಲಿಗೆ ಇದ್ದ ರೂಪದಲ್ಲಿ ಬದಲಾವಣೆಯನ್ನು ನಿಷೇಧಿಸಿರಲಿಲ್ಲ. ಮಾಲಕನು ನೋಂದಣಾಧಿಕಾರಿಗೆ ನೋಟೀಸು ಕೊಟ್ಟು ಒಪ್ಪಿಗೆ ಪಡೆಯಬೇಕು, ಬದಲಾದ ವಿವರವನ್ನು ಆರ್.ಸಿ. ಪುಸ್ತಕದಲ್ಲಿ ಬರೆಸಿಕೊಳ್ಳಬೇಕು, ಇಷ್ಟೇ ಅದರ ಸಾರ. ಅಧಿಕಾರಿ ಗಾಡಿ ನೋಡುತ್ತಿದ್ದ, ಸರಿಯಿಲ್ಲದಿದ್ದರೆ ಒಪ್ಪಿಗೆ ನಿರಾಕರಿಸುತ್ತಿದ್ದ.

2000ದ ತಿದ್ದುಪಡಿ ಈ ಏರ್ಪಾಟನ್ನು ತಲೆಕೆಳಗು ಮಾಡಿತು. ತಯಾರಕ ಮೂಲತಃ ನಮೂದಿಸಿದ ವಿವರಗಳಿಗೂ ಆರ್.ಸಿ.ಯ ವಿವರಗಳಿಗೂ ವ್ಯತ್ಯಾಸ ಬರುವಂಥ ಯಾವ ಬದಲಾವಣೆಯನ್ನೂ ಮಾಡಕೂಡದೆಂಬ ನಿಯಮ ಬಂತು. ಬ್ಯಾಟರಿ, ಸಿ.ಎನ್.ಜಿ., ಎಲ್.ಪಿ.ಜಿ. ಮುಂತಾದ ಬೇರೆ ಇಂಧನಕ್ಕೆ ಒಗ್ಗಿಸಲು ಎಂಜಿನನ್ನು ಮಾರ್ಪಡಿಸುವುದಕ್ಕೆ ಮಾತ್ರ ವಿನಾಯಿತಿ ಇತ್ತು. ಈ ನಿಯಮದ ಅರ್ಥವೇನೆಂಬ ವಿವಾದ ನಮ್ಮ ಕೇರಳದಿಂದಲೇ ಸುಪ್ರೀಂ ಕೋರ್ಟಿಗೆ ಹೋಯಿತು. ಬದಲಾವಣೆಗಳ ಬಗ್ಗೆ ಉದಾರವಾಗಿದ್ದ ಕೇರಳ ಹೈಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟು 2019ರ ಜನವರಿ 9ರಂದು ತಳ್ಳಿಹಾಕಿತು. ತಯಾರಕನ ಮೂಲ ವಿವರವೇ ಅಂತಿಮ, ಅದೇ ಬಗೆಯ ಎಂಜಿನನ್ನಾದರೆ ನೋಂದಣಾಧಿಕಾರಿಯ ಒಪ್ಪಿಗೆಯಿಂದ ಹಾಕಬಹುದು ಎಂಬುದು ಆ ತೀರ್ಪಿನ ತಾತ್ಪರ್ಯ. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯೂ ಬಿಗಿಯಾಯಿತು. ಅನುಮತಿಯಿಲ್ಲದ ಬದಲಾವಣೆ ಮಾಡಿದ ಮಾಲಕನಿಗೆ ಆರು ತಿಂಗಳ ತನಕ ಸೆರೆವಾಸ, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿಯಂತೆ ದಂಡ, ಅಥವಾ ಎರಡೂ.

'ಅದೇ ಬಗೆಯ ಎಂಜಿನು' ಎಂಬ ಮಾತಿನಲ್ಲೇ ತೊಡಕಿರುವುದು. 1972ರ ಅಂಬಾಸಿಡರಿಗೆ ಅದೇ ಬಗೆಯ ಎಂಜಿನನ್ನು ಇಂದು ಎಲ್ಲಿಂದ ತರುವುದು? ಸಿಲಿಂಡರಿಗೆ ಎಷ್ಟು ಸಲವೆಂದು ಬೋರು ಹೊಡೆಸುವುದು? ಅದೇ ಕಂಪೆನಿ ಅದೇ ಒಡಲಿಗೆ ತಾನೇ ಕೂರಿಸಿ ಮಾರಿದ ಇಸುಜು ಎಂಜಿನನ್ನು ಹಾಕೋಣವೆಂದರೂ ನಿಯಮದ ಅಕ್ಷರ ಹಿಡಿದು ಹೊರಟರೆ ಅದು ತಪ್ಪೇ ಆಗುತ್ತದೆ. ಅತ್ತ ಅನುಮೋದಿತ ಕಿಟ್ ತಂದು, ಎಂಜಿನನ್ನು ಪೂರ್ತಿ ಕಿತ್ತು ಬ್ಯಾಟರಿ ಮತ್ತು ಮೋಟರು ಅಳವಡಿಸಿದರೆ ಕಾನೂನಿನ ಅಡ್ಡಿಯಿಲ್ಲ. ಕಾರಿನ ಗುಣವನ್ನೇ ಬದಲಿಸುವ ಕೆಲಸಕ್ಕೆ ದಾರಿ ತೆರೆದಿದ್ದು, ಅದರ ಗುಣ ಉಳಿಸುವ ಕೆಲಸಕ್ಕೆ ಬಾಗಿಲು ಮುಚ್ಚಿರುವುದು ವಿಚಿತ್ರವೆನ್ನಬೇಕು.

ವಿಂಟೇಜ್ ಎಂಬ ಗಾಜಿನ ಪೆಟ್ಟಿಗೆ

ಹಳೆಯ ಗಾಡಿಗಳ ಮೇಲೆ ಸರಕಾರಕ್ಕೆ ಗೌರವವೇ ಇಲ್ಲವೆಂದಲ್ಲ. 2021ರ ಜುಲೈಯಲ್ಲಿ ವಿಂಟೇಜ್ ವಾಹನಗಳಿಗಾಗಿ ಪ್ರತ್ಯೇಕ ನಿಯಮಗಳು ಬಂದವು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ಗಾಡಿಗೆ 20,000 ರೂಪಾಯಿ ಕೊಟ್ಟು ಹತ್ತು ವರ್ಷಗಳ ನೋಂದಣಿ ಪಡೆಯಬಹುದು, ಮರುನೋಂದಣಿಗೆ 5,000. ನಂಬರು ಪ್ಲೇಟಿನಲ್ಲಿ 'ವಿ.ಎ.' ಎಂಬ ವಿಶೇಷ ಅಕ್ಷರಗಳು. ಆದರೆ ಷರತ್ತು ಎರಡು. ಚಾಸಿಸ್, ಒಡಲು, ಎಂಜಿನು ಇವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಿರಕೂಡದು. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇಂಥ ಕೆಲಸಗಳಿಗಲ್ಲದೆ ದಿನನಿತ್ಯದ ಓಡಾಟಕ್ಕೆ ಬಳಸಕೂಡದು.

ಅಂದರೆ ಅರಮನೆಯ ಗ್ಯಾರೇಜಿನಲ್ಲಿ ಹೊಳೆಯುವ ಕಾರಿಗೆ ಮಾನ್ಯತೆ ಉಂಟು. ಮನೆಯವರು ವಾರಕ್ಕೊಮ್ಮೆ ಸಂತೆಗೆ ಒಯ್ಯುವ, ಎಂಬತ್ತರ ದಶಕದಲ್ಲೇ ಡೀಸೆಲ್ ಎಂಜಿನು ಕಂಡ ಕಾರಿಗೆ ಅದು ಇಲ್ಲ. ನಮ್ಮ ದೇಶದಲ್ಲಿ ಉಳಿದಿರುವ ಹಳೆಯ ಗಾಡಿಗಳು ಉಳಿದಿರುವುದೇ ದುಡಿದುದರಿಂದ. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳನ್ನು ನೋಡಿ: ಸಿ.ಎನ್.ಜಿ.ಗೆ ಬದಲಾಗಿ ಬದುಕಿ, 20 ವರ್ಷಗಳ ಮಿತಿ ಮುಗಿದ ಮೇಲೆ 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಮರೆಯಾದವು.

ಬಿಗಿಯಾದ ಕಾನೂನಿಗೂ ಕಾರಣವಿದೆ

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಎಂಜಿನು ಬದಲಾಯಿಸಿದಾಗ ಬದಲಾಗುವುದು ಎಂಜಿನು ಒಂದೇ ಅಲ್ಲ. ಹಳೆಯ ಅಂಬಾಸಿಡರಿನ ನಾಲ್ಕು ಚಕ್ರಗಳಿಗೂ ಇರುವುದು ಡ್ರಮ್ ಬ್ರೇಕು. ಗಂಟೆಗೆ 60 ಕಿಲೋಮೀಟರ್ ವೇಗಕ್ಕೆ ಒಗ್ಗಿದ ಗಾಡಿಯನ್ನು 90ರಲ್ಲಿ ಓಡಿಸಿದರೆ ವೇಗ ಹೆಚ್ಚುವುದು ಒಂದೂವರೆ ಪಟ್ಟು, ಆದರೆ ಬ್ರೇಕು ತಡೆಯಬೇಕಾದ ಶಕ್ತಿ ಎರಡೂಕಾಲು ಪಟ್ಟು. ಭಾರದ ಡೀಸೆಲ್ ಎಂಜಿನು ಕೂತರೆ ಮುಂದಿನ ಸ್ಪ್ರಿಂಗುಗಳು ತಗ್ಗುತ್ತವೆ, ಸ್ಟೇರಿಂಗ್ ಗಡುಸಾಗುತ್ತದೆ. ಜೀಪಿಗೆ ಪ್ರತ್ಯೇಕ ಚಾಸಿಸ್ ಇರುವುದರಿಂದ ಅದು ಭಾರ ತಾಳಿಕೊಳ್ಳಬಹುದು. ಅಂಬಾಸಿಡರಿಗೆ ಹಾಗೆ ಬೇರೆ ಚಾಸಿಸ್ ಇಲ್ಲ, ಒಡಲೇ ಭಾರ ಹೊರಬೇಕು. ತುಕ್ಕು ಹಿಡಿದ ಒಡಲಿಗೆ ದೊಡ್ಡ ಎಂಜಿನು ಕಟ್ಟಿದರೆ ಅಪಾಯವಲ್ಲದೆ ಬೇರೇನು?

ಕದ್ದ ಗಾಡಿಗಳನ್ನು ಪತ್ತೆ ಹಚ್ಚಲು ಎಂಜಿನ್ ನಂಬರು ಮುಖ್ಯ ಸಾಕ್ಷಿ ಎಂಬುದೂ ನಿಜ. 2022ರ ಅಕ್ಟೋಬರಿನಲ್ಲಿ ಪಾಲಕ್ಕಾಡು ಜಿಲ್ಲೆಯ ವಡಕ್ಕಂಚೇರಿಯಲ್ಲಿ ಪ್ರವಾಸಿ ಬಸ್ಸು ಸರಕಾರಿ ಬಸ್ಸಿಗೆ ಬಡಿದು ಒಂಬತ್ತು ಮಂದಿ ಸತ್ತ ಮೇಲೆ ಮಾರ್ಪಡಿಸಿದ ವಾಹನಗಳ ತಪಾಸಣೆ ರಾಜ್ಯದಲ್ಲಿ ಬಿಗಿಯಾದುದನ್ನು ಯಾರೂ ತಪ್ಪೆನ್ನಲಾರರು. ನಮ್ಮ ಆಕ್ಷೇಪ ತಪಾಸಣೆಗಲ್ಲ. ತಪಾಸಣೆ ಮಾಡಿ ಒಪ್ಪಿಗೆ ಕೊಡುವ ದಾರಿಯನ್ನೇ ಮುಚ್ಚಿದ್ದಕ್ಕೆ. ದಾರಿ ಮುಚ್ಚಿದಾಗ ಕೆಲಸ ನಿಲ್ಲುವುದಿಲ್ಲ, ಗುಟ್ಟಾಗಿ ನಡೆಯುತ್ತದೆ. ಆಗ ಬ್ರೇಕನ್ನೂ ಒಡಲನ್ನೂ ನೋಡುವವರು ಯಾರೂ ಇರುವುದಿಲ್ಲ.

ಗಡಿಯ ಮನೆಗಳ ಕಷ್ಟ

ಗಡಿನಾಡಿನ ನಮಗೆ ಇದರಲ್ಲಿ ಇನ್ನೊಂದು ಎಡರಿದೆ. ಮಂಗಳೂರು, ಪುತ್ತೂರುಗಳಲ್ಲಿ ಕೊಂಡ ಅಥವಾ ಅಲ್ಲಿನ ನೆಂಟರಿಂದ ಬಂದ ಹಳೆಯ ಗಾಡಿಗಳು ಇಲ್ಲಿನ ಮನೆಗಳಲ್ಲಿವೆ. ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನ ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಅಲ್ಲಿ ಹೊಸ ನಂಬರು ಪಡೆಯಬೇಕೆಂಬುದು 47ನೇ ಕಲಮಿನ ನಿಯಮ. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಗಾಡಿಯನ್ನು ತೋರಿಸಬೇಕು. ಮೂವತ್ತು ವರ್ಷಗಳ ಹಿಂದೆ ಯಾರೋ ಬದಲಿಸಿದ ಎಂಜಿನು ಆರ್.ಸಿ.ಯ ನಂಬರಿಗೆ ತಾಳೆಯಾಗದೆ ಹೋಗುವುದು ಆಗಲೇ. ಈಗಿನ ಮಾಲಕ ಅದನ್ನು ಮಾಡಿದವನಲ್ಲ. ಆದರೂ ಉತ್ತರ ಹೇಳಬೇಕಾದವನು ಅವನೇ. ಅಪಘಾತವಾದರೆ ವಿಮಾ ಕಂಪೆನಿ ತಕರಾರು ತೆಗೆಯುವುದಕ್ಕೂ ಇದೇ ಆಸ್ಪದ. ಗಾಡಿಯ ಮೇಲಿನ ಅಕ್ಕರೆ ಮನೆಯ ಆಸ್ತಿಗೇ ಸಂಚಕಾರ ತರಬಲ್ಲುದು.

ಆದ್ದರಿಂದ ಹಳೆಯ ಗಾಡಿ ಕೊಳ್ಳುವವರು ಬಣ್ಣಕ್ಕೆ ಮರುಳಾಗುವ ಮೊದಲು ಚಾಸಿಸ್ ನಂಬರು, ಎಂಜಿನ್ ನಂಬರುಗಳನ್ನು ಆರ್.ಸಿ.ಯೊಂದಿಗೆ ಹೋಲಿಸಿ ನೋಡಲಿ. ಅದೇ ಬಗೆಯ ಎಂಜಿನು ಸಿಕ್ಕಿದವರು ಮೊದಲು ಒಪ್ಪಿಗೆ ಪಡೆದು, ಕೊಂಡ ರಸೀತಿಯನ್ನೂ ಆ ಎಂಜಿನು ಇದ್ದ ಮೂಲ ಗಾಡಿಯ ದಾಖಲೆಯನ್ನೂ ಜೋಪಾನ ಮಾಡಲಿ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ. ಅರ್ಥವಾಗದ ನೋಟೀಸಿಗೆ ಸಹಿ ಹಾಕಿ ಬರುವುದಕ್ಕಿಂತ ಕನ್ನಡದಲ್ಲಿ ವಿವರಣೆ ಕೇಳುವುದು ಲೇಸು.

ಆಗಬೇಕಾದುದೇನು?

ಬ್ರಿಟನ್ನಿನವರು ಬಹುಕಾಲ ಅನುಸರಿಸಿದ ಕ್ರಮವೊಂದು ಇಲ್ಲಿ ಗಮನಾರ್ಹ. ಗಾಡಿ ತನ್ನ ಮೂಲ ಗುರುತನ್ನು ಉಳಿಸಿಕೊಂಡಿದೆಯೇ ಎಂದು ತಿಳಿಯಲು ಅವರು ಅಂಕ ಹಾಕುತ್ತಿದ್ದರು: ಚಾಸಿಸಿಗೆ ಐದು, ಸಸ್ಪೆನ್ಶನ್, ಆಕ್ಸಿಲ್, ಗೇರ್‌ಬಾಕ್ಸ್, ಸ್ಟೇರಿಂಗ್ ತಲಾ ಎರಡು, ಎಂಜಿನಿಗೆ ಒಂದೇ ಒಂದು. ಎಂಟು ಅಂಕ ಬಂದರೆ ಹಳೆಯ ನಂಬರು ಉಳಿಯುತ್ತಿತ್ತು. ಅಂಬಾಸಿಡರಿನ ತವರಿನಲ್ಲಿ ಹದಿನಾಲ್ಕರಲ್ಲಿ ಒಂದು ಅಂಕದ ಬೆಲೆಯಿದ್ದ ಎಂಜಿನು ನಮ್ಮಲ್ಲಿ ಕಾರಿನ ಅಳಿವು ಉಳಿವನ್ನೇ ನಿರ್ಧರಿಸುತ್ತಿದೆ.

ನಮ್ಮ ಸಂಸದರೂ ಸಾರಿಗೆ ಇಲಾಖೆಯೂ ಮನಸ್ಸು ಮಾಡಿದರೆ ಮೂರು ಕೆಲಸಗಳಾಗಬಹುದು. ಮೊದಲನೆಯದು, 25 ಅಥವಾ 30 ವರ್ಷ ಮೀರಿದ, ತಯಾರಿಕೆ ನಿಂತುಹೋದ ವಾಹನಗಳಿಗೆ 2000ಕ್ಕೆ ಮೊದಲಿದ್ದ ಒಪ್ಪಿಗೆಯ ಕ್ರಮವನ್ನು ಮರಳಿ ತರುವುದು. ಎರಡನೆಯದು, ಎಂಜಿನಿನ ಬಲ ಮತ್ತು ಭಾರಕ್ಕೆ ಮಿತಿ ಗೊತ್ತುಪಡಿಸಿ, ಬ್ರೇಕು ಮತ್ತು ಒಡಲಿನ ಪರೀಕ್ಷೆಯನ್ನು ಕಡ್ಡಾಯ ಮಾಡುವುದು. ಇದಕ್ಕೆ ಸರಕಾರಿ ಪಾಲಿಟೆಕ್ನಿಕ್‌ಗಳ ನೆರವು ಪಡೆಯಬಹುದು. ಮೂರನೆಯದು, ಹಿಂದೆಯೇ ಎಂಜಿನು ಬದಲಾದ ಗಾಡಿಗಳ ಮಾಲಕರು ಪರೀಕ್ಷೆಗೆ ಒಪ್ಪಿಸಿ ದಾಖಲೆ ಸರಿಪಡಿಸಿಕೊಳ್ಳಲು ಒಂದು ವರ್ಷದ ಕಾಲಾವಕಾಶ ಕೊಡುವುದು. ಪರೀಕ್ಷೆಯಲ್ಲಿ ಸೋತ ಗಾಡಿ ಗುಜರಿಗೆ ಹೋಗಲಿ, ಅದಕ್ಕೆ ಯಾರ ತಕರಾರೂ ಇಲ್ಲ.

ಹತ್ತು ಸಾವಿರ ರೂಪಾಯಿ ಶುಲ್ಕ ಕೊಟ್ಟು ಹಳೆಯ ಗಾಡಿಯನ್ನು ಸಾಕುವವನು ಸರಕಾರದಿಂದ ಸಹಾಯಧನ ಕೇಳುತ್ತಿಲ್ಲ. ಗಾಡಿಯನ್ನು ಅಧಿಕಾರಿಯ ಮುಂದೆ ನಿಲ್ಲಿಸಿ, ಬಾನೆಟ್ಟು ಎತ್ತಿ, ಆಗಿರುವುದನ್ನು ಆಗಿರುವಂತೆ ಹೇಳಿ ದಾಖಲೆ ಮಾಡಿಸಿಕೊಳ್ಳುವ ಅವಕಾಶ ಕೇಳುತ್ತಿದ್ದಾನೆ. ಅಷ್ಟನ್ನು ಕೊಡಲು ಖಜಾನೆಯಿಂದ ಹೆಚ್ಚು ಹಣವೇನೂ ಬೇಕಿಲ್ಲ.