ಆಕ್ಸಿಡೆಂಟ್ ಬರೀ ವಿಲನ್ ಅಲ್ಲ ಕಣ್ರೋ!

1/4
ಫೀಡ್ ತೆರೆದ್ರೆ ಸಾಕು: ಆಂಟಿಆಕ್ಸಿಡೆಂಟ್ ಜ್ಯೂಸ್, ಕಾಲಜನ್ ಪುಡಿ, ಹೊಳೆಯೋ ಚರ್ಮ. ಎಲ್ಲಾ ಜಾಹೀರಾತಿನ ಕಥೆ ಒಂದೇ: ಆಕ್ಸಿಡೆಂಟ್ ಕೆಟ್ಟದ್ದು, ಅದನ್ನ ಓಡಿಸೋದು ಒಳ್ಳೇದು. ನನ್ನ ಪ್ರಕಾರ ಇದು ಅರ್ಧ ಸತ್ಯ. ಬಿಕಾಂ ಓದೋರಿಗೆ ಬಯಾಲಜಿ ಯಾಕೆ ಅಂತೀರಾ? ಖರ್ಚಾಗ್ತಿರೋ ಪಾಕೆಟ್ ಮನಿ ನಮ್ಮದೇ ತಾನೇ!

2/4
ಚರ್ಮದ ಮೇಲ್ಪದರದ ಕೆಳಗೆ, ರಕ್ತನಾಳಗಳಲ್ಲಿ, ಕಿಡ್ನಿಯ ಸೋಸುವ ಭಾಗದಲ್ಲಿ ಒಂದು ತೆಳು ಹಾಸು ಇದೆ. ಅದೇ ಬೇಸ್‌ಮೆಂಟ್ ಮೆಂಬ್ರೇನ್. ಜೀವಕೋಶಗಳಿಗೆ ಅದೇ ಆಧಾರ. ಅದರೊಳಗಿನ ಬಲೆ ಕಾಲಜನ್ 4 ಅನ್ನೋ ಪ್ರೋಟೀನ್. ಮೂರು ಎಳೆ ಹೊಸೆದ್ರೆ ಒಂದು ಹಗ್ಗ, ಎರಡು ಹಗ್ಗದ ತುದಿ ಸೇರೋ ಕಡೆ ಗಂಟು. ಗಂಟು ಸಡಿಲ ಆದ್ರೆ ಬಲೆ ಎಳೆತ ತಡೆಯಲ್ಲ. ಈ ಗಂಟು ಗಂಧಕ ಮತ್ತು ಸಾರಜನಕದ ನಡುವಿನ ಸಲ್ಫಿಲಿಮೈನ್ ಬಂಧ ಅಂತ 2009ರಲ್ಲಿ ಪತ್ತೆ ಹಚ್ಚಿದ್ದು ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಬಿಲ್ಲಿ ಹಡ್ಸನ್ ಅವರ ತಂಡ.

3/4
ಗಂಟು ಹಾಕೋದು ಯಾರು ಗೊತ್ತಾ? ಪೆರಾಕ್ಸಿಡಾಸಿನ್ ಅನ್ನೋ ಕಿಣ್ವ. ಅದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬ್ರೋಮೈಡ್ ಸೇರಿಸಿ ಹೈಪೋಬ್ರೋಮಸ್ ಆಮ್ಲ ಮಾಡುತ್ತೆ. ಬಟ್ಟೆಯ ಕಲೆ ತೆಗೆಯೋ ಬ್ಲೀಚ್‌ಗೆ ಹತ್ತಿರದ ಸಂಬಂಧಿ, ಪಕ್ಕಾ ಆಕ್ಸಿಡೆಂಟ್! 2014ರಲ್ಲಿ ಅದೇ ವಿಶ್ವವಿದ್ಯಾಲಯದವರು ಹಣ್ಣುನೊಣಗಳಿಗೆ ಬ್ರೋಮಿನ್ ಇಲ್ಲದ ಆಹಾರ ಕೊಟ್ಟು ನೋಡಿದ್ರು. ಸಂತತಿ ಉಳೀಲಿಲ್ಲ. ಬ್ರೋಮಿನ್ ವಾಪಸ್ ಕೊಟ್ಟಾಗ ಉಳೀತು.

ಇನ್ನೂ ಮಜಾ ಕೇಳಿ. ಗಂಟಿನ ಒಂದು ಕಡೆ ಇರೋ ಹೈಡ್ರಾಕ್ಸಿಲೈಸಿನ್ ತಯಾರಾಗೋಕೆ ವಿಟಮಿನ್ ಸಿ ಬೇಕು, ಅಂದ್ರೆ ನಮ್ಮ ನೆಲ್ಲಿಕಾಯಲ್ಲಿರೋ ಫೇಮಸ್ ಆಂಟಿಆಕ್ಸಿಡೆಂಟ್. ಒಂದೇ ಗಂಟಿಗೆ ಎರಡೂ ಬೇಕು! ಫಸ್ಟ್ ಇಯರ್ ಅಕೌಂಟೆನ್ಸಿ ನೆನಪಿದ್ಯಾ? ಡೆಬಿಟ್ ಅಂದ್ರೆ ನಷ್ಟ ಅಲ್ಲ, ಯಾವ ಖಾತೆಯಲ್ಲಿ ಬಿತ್ತು ಅನ್ನೋದು ಮುಖ್ಯ. ಇಲ್ಲೂ ಹಾಗೇ. ಆಕ್ಸಿಡೆಂಟ್ ಅಳತೆ ಮೀರಿದ್ರೆ ಹಾನಿ ನಿಜ, ಸರಿಯಾದ ಜಾಗದಲ್ಲಿ ಅದೇ ಕೆಲಸಗಾರ.

4/4
ಹಾಗಾದ್ರೆ ಏನು ಮಾಡೋದು? ಹಣ್ಣು, ತರಕಾರಿ ತಿನ್ನಿ, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಡಬ್ಬಿ ಮೇಲಿನ ಒಂದೇ ಪದ ನಂಬಿ ದುಡ್ಡು ಸುರೀಬೇಡಿ. ಕುಡಿದ ಕಾಲಜನ್ ಪುಡಿ ಹೊಟ್ಟೇಲಿ ತುಂಡು ತುಂಡಾಗುತ್ತೆ. ಬಲೆಯಾಗಿ ನೇರ ಹೋಗಿ ಕೂರಲ್ಲ. ಗಂಟನ್ನಂತೂ ದೇಹವೇ ಹಾಕ್ಬೇಕು.

ಕ್ಲಾಸ್ ಬಂಕ್ ಮಾಡಿ ಟೀ ಅಂಗಡಿ ಹಿಂದೆ ದಮ್ ಎಳೆಯೋರೇ, ನಿಮಗೂ ಒಂದು ಮಾತು. ಸಿಗರೇಟು ಸೇದೋರ ರಕ್ತದಲ್ಲಿ ಥಯೋಸಯನೇಟ್ ಹೆಚ್ಚಿರುತ್ತೆ. ಅದು ಬ್ರೋಮೈಡ್‌ನ ಜಾಗಕ್ಕೆ ನುಗ್ಗಿ ಈ ಗಂಟಿಗೆ ಅಡ್ಡಿ ಮಾಡಬಹುದು ಅಂತ 2014ರ ಆ ಸಂಶೋಧಕರೇ ಹೇಳಿದ್ದಾರೆ. ಪುಡಿಗೆ ದುಡ್ಡು ಹಾಕೋಕೆ ಮುಂಚೆ ಸಿಗರೇಟಿಗೆ ಹಾಕೋದನ್ನ ನಿಲ್ಲಿಸಿ, ಲೆಕ್ಕ ಸರಿಹೋಗುತ್ತೆ.

ನಿಮ್ಮ ಮನೇಲಿ ಯಾವ ಡಬ್ಬಿ ಮೇಲೆ "ಆಂಟಿಆಕ್ಸಿಡೆಂಟ್" ಅಂತ ಬರೆದಿದೆ? ಕಾಮೆಂಟ್‌ನಲ್ಲಿ ಹಾಕಿ, ಮುಂದಿನ ಸರಣಿಯಲ್ಲಿ ಲೇಬಲ್ ಓದೋಣ.

#ಕನ್ನಡದಲ್ಲಿವಿಜ್ಞಾನ #ಬಿಕಾಂಹುಡುಗರು #ಲೇಬಲ್‌ಓದಿ